ಮೇಷ್ಟ್ರ ಚಪ್ಪಲಿ ಒಳಗೆ ಹೇಗೆ ಬಂತು?

ಅಡುಗೆಮನೆಯ ಕಡೆಯಿಂದ ಟಣ್ ಟಣ್ ಟಣ್ ಎಂದು ಕಬ್ಬಿಣದ ಸದ್ದು ಕೇಳಿದ್ದೇ ತಡ, ಪಾರ್ಲರ್ ನಡೆಸುವ ಹೆಂಗಸು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಏನಾಯಿತು ಎಂದು ಇನ್ಸ್‌ಪೆಕ್ಟರ್ ಕೇಳುವಷ್ಟರಲ್ಲಿ ಗೋಡೆಯ ದೊಡ್ಡ ಕನ್ನಡಿ ಬೆನ್ನು ತಿರುಗಿಸಿ ನಿಂತಿತ್ತು. ಅದರ ಬೆನ್ನ ಮೇಲೆ ಯಾವುದೋ ಬೆಟ್ಟ, ಸರೋವರದ ಚಿತ್ರ. ತಲೆ ತೊಳೆಯುವ ಬೇಸಿನ್ನಿನ ಮೇಲೆ ಹಲಗೆ ಬಂತು, ಹಲಗೆಯ ಮೇಲೆ ಹೂಕುಂಡ ಬಂತು. ಏರಿಸಿ ಇಳಿಸುವ ಕುರ್ಚಿಯ ಮೇಲೆ ಬೆಡ್‌ಶೀಟು ಬಿತ್ತು. ಕತ್ತರಿ, ಬಾಚಣಿಗೆ, ಬಾಟಲಿಗಳೆಲ್ಲ ಒಂದೇ ಸಲಕ್ಕೆ ಡ್ರಾಯರಿನೊಳಗೆ ಹೋದವು. ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಯಾರೂ ಹೇಳದೆಯೇ ಎದ್ದು, ಟವೆಲ್ ಸುತ್ತಿಕೊಂಡು ಒಳಕೋಣೆಗೆ ಹೋಗಿ, ಈ ಮನೆಯ ಅತ್ತಿಗೆಯೋ ನಾದಿನಿಯೋ ಎಂಬಂತೆ ಮಂಚದ ಮೇಲೆ ಕಾಲು ಚಾಚಿದಳು. ಅವಳಿಗೂ ಇದೇನೂ ಹೊಸದಲ್ಲ.

ಕೊನೆಗೆ ಪಾರ್ಲರಿನವಳು ಬಾಗಿಲು ತೆರೆದು ಬಗ್ಗಿದಳು. ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಒಳಗೆ ತಂದು, ಬಾಗಿಲ ಹಿಂದೆ ಗೋಡೆಗೊತ್ತಿ ಸಾಲಾಗಿ ಇಟ್ಟಳು. ತನ್ನದು, ಗಿರಾಕಿಯದು, ಜೊತೆಗೆ ಇನ್ಸ್‌ಪೆಕ್ಟರನ ಬೂಟುಗಳು.

ಇನ್ಸ್‌ಪೆಕ್ಟರ್ ತನ್ನ ಬೂಟುಗಳನ್ನೇ ನೋಡುತ್ತ ಕೂತ. ಮಂಡಿ ನೋವು, ನಿದ್ದೆಗೇಡು, ಬೆಳಗಿನಿಂದ ಕುಡಿದ ಟೀಯ ಹುಳಿತೇಗು ಎಲ್ಲವೂ ಒಂದು ಕ್ಷಣ ಮರೆತುಹೋದವು.

“ಇದೇನಮ್ಮ ಇದು?” ಎಂದ.

ಅವಳಿಗೆ ಆಗ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ನಿಮ್ಮದೂ ತಂದುಬಿಟ್ನಾ ಸಾರ್? ಕೈ ತಾನಾಗೇ ಹೋಗುತ್ತೆ. ಬಾಗಿಲಲ್ಲಿ ಜಾಸ್ತಿ ಚಪ್ಪಲಿ ಕಂಡ್ರೆ ಅಂಗಡಿ ಅಂತ ಬರ್ಕೊಂಡು ಹೋಗ್ತಾರೆ ಕಾರ್ಪೊರೇಷನ್ನೋರು. ಪೈಪು ಬಡಿದಾಗ ಬೇರೆ ಏನು ಮರೆತ್ರೂ ಚಪ್ಪಲಿ ಮಾತ್ರ ಈ ಬೀದೀಲಿ ಯಾರೂ ಮರೆಯಲ್ಲ.”

ಬೀದಿಯ ಡ್ರಾಯಿಂಗ್ ಮೇಷ್ಟ್ರು ತಮ್ಮದೇ ಮನೆಯ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿ ವಾರವಾಗುತ್ತ ಬಂದಿತ್ತು. ಅವರನ್ನು ಮೇಲಿಂದ ತಳ್ಳಿದನೆಂದು ಬಿಲ್ಡರ್ ಕಡೆಯ ಬ್ರೋಕರ್ ಲಾಕಪ್ಪಿನಲ್ಲಿದ್ದ. ಊರಿಗೆಲ್ಲ ಸಮಾಧಾನವಾಗಿತ್ತು. ಇನ್ಸ್‌ಪೆಕ್ಟರನೊಬ್ಬನಿಗೆ ಆಗಿರಲಿಲ್ಲ.

ಅವನ ನಿದ್ದೆ ಕೆಡಿಸಿದ್ದು ಹೆಣವಲ್ಲ. ಹೆಣಗಳನ್ನು ಅವನು ಸಾಕುಸಾಕೆನ್ನುವಷ್ಟು ನೋಡಿದ್ದ. ನಿದ್ದೆ ಕೆಡಿಸಿದ್ದು ಮೇಷ್ಟ್ರ ಚಪ್ಪಲಿ. ಅವು ಬಾಗಿಲ ಹಿಂದೆ, ಗೋಡೆಗೊತ್ತಿ, ಅಚ್ಚುಕಟ್ಟಾಗಿ ಕೂತಿದ್ದವು. ಅಪ್ಪ ಯಾವತ್ತೂ ಚಪ್ಪಲಿಯನ್ನು ಹೊಸಿಲು ದಾಟಿಸಿದವರೇ ಅಲ್ಲ ಎಂದು ಮೇಷ್ಟ್ರ ಮಗಳು ಅಳುವಿನ ನಡುವೆಯೇ ಹೇಳಿದ್ದಳು.

ಅದನ್ನು ದೊಡ್ಡ ಸಾಹೇಬರಿಗೆ ಹೇಳಿದಾಗ ಅವರು ನಕ್ಕಿದ್ದರು. “ಏನ್ರೀ, ಕೊಲೆ ಕೇಸು ನೋಡ್ತಿದ್ದೀರೋ, ಚಪ್ಪಲಿ ಕಾಯ್ತಿದ್ದೀರೋ?” ಎಂದು ಕೇಳಿ, ನಾಳೆ ಬ್ರೋಕರನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕು, ಇವತ್ತು ಸಂಜೆಯೊಳಗೆ ವರದಿ ಬೇಕು ಎಂದಿದ್ದರು. ಇನ್ಸ್‌ಪೆಕ್ಟರ್ ಆಗಲಿ ಸಾರ್ ಎಂದಿದ್ದ. ಈಚೀಚೆಗೆ ಅವನು ಎಲ್ಲದಕ್ಕೂ ಆಗಲಿ ಸಾರ್ ಎನ್ನುತ್ತಿದ್ದ, ವಾದ ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಈಗ ಆ ಚಪ್ಪಲಿ ಬಾಯಿ ಬಿಟ್ಟಿತ್ತು. ಮೇಷ್ಟ್ರ ಮನೆಯಲ್ಲಿ ಅವತ್ತು ಯಾರೋ ಇದ್ದರು. ಆಗ ಪೈಪು ಬಡಿಯಿತು. ಯೋಚಿಸುವ ಮೊದಲೇ ಅವರ ಕೈ ಹೊರಗಿನ ಚಪ್ಪಲಿಗಳನ್ನೆಲ್ಲ ಒಳಗೆ ಎಳೆದುಕೊಂಡಿತು. ಹೋಗುವಾಗ ತಮ್ಮದನ್ನು ಮೆಟ್ಟಿಕೊಂಡು ಹೋದರು. ಮೇಷ್ಟ್ರದ್ದು ಅಲ್ಲೇ ಉಳಿಯಿತು.

ಬ್ರೋಕರನಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು? ಅವನು ಬೂಟು ಬಿಚ್ಚದೆ ಅಡುಗೆಮನೆವರೆಗೂ ನುಗ್ಗುವ ಆಸಾಮಿ. ಇದು ಬೀದಿಯವರ ಕೈ. ಪೈಪಿನ ಸದ್ದಿಗೆ ಹೆದರಿ ಹೆದರಿ ಪಳಗಿದ ಕೈ.

ಆ ಪೈಪಿನ ಕತೆ ಇಷ್ಟು. ಹಿಂದೆ ಯಾವುದೋ ಕಾರ್ಖಾನೆಯವರು ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳು ಇವು. ಎರಡು ಮನೆಗೆ ಒಂದು ಗೋಡೆ, ಇಡೀ ಬೀದಿಗೆ ಒಂದೇ ನೀರಿನ ಪೈಪು. ಒಂದು ಅಡುಗೆಮನೆಯಲ್ಲಿ ಸೌಟಿನಿಂದ ಬಡಿದರೆ ಎಲ್ಲ ಅಡುಗೆಮನೆಗಳಲ್ಲೂ ಕೇಳುತ್ತದೆ. ಬಡಿದವರು ಯಾರೆಂದು ಮಾತ್ರ ಗೊತ್ತಾಗುವುದಿಲ್ಲ.

ಪಾಲಿಕೆಯ ನಕ್ಷೆಯಲ್ಲಿ ಇದು ವಾಸದ ಬೀದಿ. ಇಲ್ಲಿ ಅಂಗಡಿ ಇಡುವ ಹಾಗಿಲ್ಲ. ಆದರೆ ಹೊಟ್ಟೆಪಾಡು ನಕ್ಷೆ ನೋಡಿಕೊಂಡು ಬರುತ್ತದೆಯೇ? ಕಾರ್ಖಾನೆ ಮುಚ್ಚಿದ ಮೇಲೆ ಮುಂದಿನ ಕೋಣೆಗಳಲ್ಲಿ ಒಂದೊಂದಾಗಿ ಕಸುಬು ಶುರುವಾಯಿತು. ಒಬ್ಬಳು ಪಾರ್ಲರ್ ಇಟ್ಟಳು, ಒಬ್ಬರು ಟ್ಯೂಷನ್, ಒಬ್ಬ ಫ್ಯಾನು ಮಿಕ್ಸಿ ರಿಪೇರಿ, ಒಬ್ಬಳು ಹೊಲಿಗೆ. ಪಾಲಿಕೆಯ ಜೀಪು ಬಂದಾಗ ಬೀದಿಗೆ ಬೀದಿಯೇ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಂಸಾರಸ್ಥರ ಮನೆಯಾಗುತ್ತಿತ್ತು. ಜೀಪಿನಲ್ಲಿ ಬಂದವರಿಗೂ ಇದು ಗೊತ್ತಿತ್ತು. ಗೊತ್ತಿಲ್ಲದವರಂತೆ ಟೀ ಕುಡಿದು ಹೋಗುತ್ತಿದ್ದರು.

ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಬಿಲ್ಡರ್ ಬಂದ. ಬೀದಿಯನ್ನು ವಾಣಿಜ್ಯ ವಲಯ ಮಾಡಿಕೊಡಿ, ದೊಡ್ಡ ಕಾಂಪ್ಲೆಕ್ಸ್ ಕಟ್ಟುತ್ತೇನೆ ಎಂದು ಅರ್ಜಿ ಹಾಕಿದ. ಅವನ ವಾದ ಸರಳವಾಗಿತ್ತು: ಅರ್ಧ ಬೀದಿ ಆಗಲೇ ಅಂಗಡಿಯಾಗಿದೆ, ಇನ್ನರ್ಧ ಆದರೆ ಯಾರಿಗೇನು ನಷ್ಟ?

ಮೇಷ್ಟ್ರ ಉತ್ತರ ಅದಕ್ಕಿಂತ ಸರಳ. ಪಾಲಿಕೆ ಕರೆದಿರುವ ಅಹವಾಲು ಸಭೆಯ ದಿನದೊಳಗೆ ಎಲ್ಲರೂ ಕಸುಬು ಮುಚ್ಚಿಬಿಡಿ, ನಾನು ಎದ್ದು ನಿಂತು ಇಲ್ಲಿ ಒಂದೂ ಅಂಗಡಿಯಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ ಎಂದರು. ಮುಚ್ಚದಿದ್ದರೆ ಮಾತ್ರ ಸುಳ್ಳು ಹೇಳಲಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಪುಣ್ಯಾತ್ಮ ಅದನ್ನು ಮನೆಮನೆಗೂ ಹೋಗಿ, ಮನೆಯವರ ಟೀ ಕುಡಿದು, ಹೇಳಿ ಬಂದರು. ಬಿಲ್ಡರ್ ಗೆದ್ದರೆ ಮನೆ ಹೋಗುತ್ತಿತ್ತು, ಮೇಷ್ಟ್ರು ಗೆದ್ದರೆ ಅನ್ನ ಹೋಗುತ್ತಿತ್ತು. ಬೀದಿಯವರು ಯಾರಿಗೆ ಜೈ ಅನ್ನಬೇಕು?

“ನಿಮಗೂ ಬಂದು ಹೇಳಿದ್ರಾ?” ಎಂದು ಇನ್ಸ್‌ಪೆಕ್ಟರ್ ಕೇಳಿದ.

ಹೇಳಿದ್ದರಂತೆ. ಪಾರ್ಲರಿನವಳು ಮುಖ ತಗ್ಗಿಸಿಕೊಂಡೇ ಹೇಳಿದಳು. ಅವತ್ತು ಅವರ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲವಂತೆ. ಸತ್ತರೆಂದು ಕೇಳಿದಾಗ ಆ ಸಿಟ್ಟೇ ತನ್ನ ಕೊರಳಿಗೆ ಸುತ್ತಿಕೊಂಡಂತಾಯಿತಂತೆ. ಆ ಮಧ್ಯಾಹ್ನ ಅವಳ ಮನೆಯಲ್ಲಿ ಮದುವೆ ಹೆಣ್ಣಿನ ಕಡೆಯವರು ಕಿಕ್ಕಿರಿದು ತುಂಬಿದ್ದರು, ಅವಳು ಅಲುಗಾಡುವ ಹಾಗಿರಲಿಲ್ಲ. ರಿಪೇರಿಯವನು ಆಸ್ಪತ್ರೆಯಲ್ಲಿದ್ದ. ಇದನ್ನೆಲ್ಲ ಇನ್ಸ್‌ಪೆಕ್ಟರ್ ಮೊದಲೇ ಪರೀಕ್ಷಿಸಿದ್ದ.

“ಅವತ್ತು ಪೈಪು ಬಡಿದದ್ದು ಯಾರಮ್ಮ?”

ಅವಳು ಆಶ್ಚರ್ಯದಿಂದ ನೋಡಿದಳು. “ಇನ್ಯಾರು ಸಾರ್, ನಿಮ್ಮಕ್ಕನೇ. ಮೇಲಿನ ತುದಿ ಮೂಲೆ ಮನೆ ಅವರದ್ದಲ್ವಾ, ಜೀಪು ತಿರುಗೋದು ಮೊದಲು ಕಾಣೋದೇ ಅವರಿಗೆ. ಈಗ ಬಡಿದದ್ದೂ ಅವರೇ.”

ಇನ್ಸ್‌ಪೆಕ್ಟರನಿಗೆ ಹೋದ ಜೀವ ಬಂದಂತಾಯಿತು.

ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಆದರೆ ಬೀದಿಯವರ ಕೈ ಎಂದು ಹೊಳೆದ ಕ್ಷಣದಿಂದ ಅವನಿಗೆ ಅಕ್ಕನ ಕೈಯೇ ಕಣ್ಣ ಮುಂದೆ ಬಂದಿತ್ತು. ಹೊಲಿಗೆಯ ಮಿಷನ್ ಅವಳದು. ಅವನು ಚಿಕ್ಕವನಿದ್ದಾಗ ಅಮ್ಮ ತೀರಿಕೊಂಡ ಮೇಲೆ ಆ ಮಿಷನ್ನೇ ಅವನಿಗೆ ಅನ್ನ ಹಾಕಿದ್ದು, ಓದಿಸಿದ್ದು, ಮೊದಲ ಸಲ ಖಾಕಿ ತೊಡಿಸಿದ್ದು. ಈಗ ಅದೇ ಮಿಷನ್ನಿನ ಮೇಲೆ ಅವಳೊಬ್ಬಳು ಬದುಕುತ್ತಿದ್ದಳು. ಅದನ್ನು ಮುಚ್ಚು ಎಂದರೆ ಅಕ್ಕ ಏನು ಮಾಡಿಯಾಳು? ಯಾರ ಮೇಲೆ ಬೇಕಾದರೂ ಕೇಸು ಹಾಕಬಲ್ಲ. ಅಕ್ಕನ ಮೇಲೆ ತನ್ನ ಕೈಯಿಂದ ಆಗುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪೈಪು ಬಡಿದವಳು ಅಕ್ಕನಾದರೆ ಆ ಹೊತ್ತಿಗೆ ಅವಳು ತನ್ನ ಅಡುಗೆಮನೆಯಲ್ಲಿದ್ದಳು. ಅಲ್ಲಿಗೆ ಮುಗಿಯಿತು. ಇನ್ನು ಯಾರಾದರೂ ಆಗಿರಲಿ, ಹಾಳಾಗಿ ಹೋಗಲಿ.

ಅವನು ಬೂಟು ಹಾಕಿಕೊಂಡು ಹೊರಟ. ಬಾಗಿಲವರೆಗೆ ಬಂದ ಪಾರ್ಲರಿನವಳು ಸುಮ್ಮನಿರಲಾರದೆ ಇನ್ನೊಂದು ಮಾತು ಸೇರಿಸಿದಳು. ಮೇಷ್ಟ್ರಿಗೆ ನಿಜವಾಗಿ ನೋವಾದದ್ದು ಬ್ರೋಕರನ ಬೈಗುಳದಿಂದಲ್ಲವಂತೆ. ಮೊದಲ ಸಭೆಯಲ್ಲಿ ಕಾಂಪ್ಲೆಕ್ಸಿನ ಬಣ್ಣದ ಚಿತ್ರ ನಿಲ್ಲಿಸಿದ್ದರಲ್ಲ, ಅದರ ಮುಂದೆ ಬಹಳ ಹೊತ್ತು ನಿಂತು, “ಮರ ಬರೆದಿರೋ ಕೈ ನನಗೆ ಗೊತ್ತು” ಎಂದರಂತೆ.

ಇನ್ಸ್‌ಪೆಕ್ಟರ್ ಹೂಂ ಎಂದ. ಆ ಚಿತ್ರ ಬರೆದವನು ಅವನ ಮಗ. ಶಾಲೆಯಲ್ಲಿ ಮೇಷ್ಟ್ರ ಕೈಯಲ್ಲೇ ಪೆನ್ಸಿಲ್ ಹಿಡಿಯುವುದನ್ನು ಕಲಿತು, ಈಗ ಬಿಲ್ಡರನ ಆಫೀಸಿನಲ್ಲಿ ಕಟ್ಟಡದ ಚಿತ್ರ ಬರೆಯುತ್ತಿದ್ದ. ಒಂದು ಗಿಡವೂ ಇಲ್ಲದ ಬೀದಿಗೆ ಸಾಲುಮರ ಬರೆದಿದ್ದ. ಮೇಷ್ಟ್ರು ಸತ್ತಮೇಲೆ ಅವನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಹೆಂಡತಿ ದೂರುತ್ತಿದ್ದಳು. ಗುರು ಹೋದ ದುಃಖ, ತಾನಾಗೇ ಸರಿಹೋಗುತ್ತಾನೆ ಎಂದು ಇನ್ಸ್‌ಪೆಕ್ಟರ್ ಹೇಳಿದ್ದ. ಅಪ್ಪ ಮಗ ಕೂತು ಮಾತಾಡಿ ಎಷ್ಟು ಕಾಲವಾಗಿತ್ತೋ, ಇಬ್ಬರಿಗೂ ನೆನಪಿರಲಿಲ್ಲ.

ಹೊರಗೆ ಬೀದಿ ಸಂಭಾವಿತರ ಬೀದಿಯಾಗಿ ನಿಂತಿತ್ತು. ಕಿಟಕಿಗಳಿಗೆಲ್ಲ ಪರದೆ, ಬಾಗಿಲುಗಳ ಮುಂದೆ ಒಂದೂ ಚಪ್ಪಲಿಯಿಲ್ಲ. ನಡುಬೀದಿಯಲ್ಲಿ ಪಾಲಿಕೆಯ ಜೀಪು ನಿಂತಿತ್ತು. ಸರ್ವೆಯವನು ಯಾವುದೋ ಮನೆಯೊಳಗೆ ಹೋಗಿದ್ದ. ಡ್ರೈವರ್ ಸ್ಟಿಯರಿಂಗಿಗೆ ಹಣೆ ಆನಿಸಿ ತೂಕಡಿಸುತ್ತಿದ್ದ.

ಇನ್ಸ್‌ಪೆಕ್ಟರನನ್ನು ಕಂಡು ಡ್ರೈವರ್ ನೆಟ್ಟಗಾದ. ಇಬ್ಬರೂ ಸರ್ಕಾರಿ ಕೂಳಿನವರು, ಮಾತು ಬೇಗ ಕುದುರಿತು. ಬಿಸಿಲು, ಬೆನ್ನು ನೋವು, ರಜೆ ಕೊಡದ ಮೇಲಧಿಕಾರಿ ಎಂದು ಡ್ರೈವರ್ ತನ್ನ ಗೋಳು ತೋಡಿಕೊಂಡ. ಮೇಷ್ಟ್ರು ಸತ್ತ ದಿನವೂ ನೀನೇನಾ ಬಂದದ್ದು ಎಂದು ಇನ್ಸ್‌ಪೆಕ್ಟರ್ ಸುಮ್ಮನೆ ಮಾತಿಗೆ ಮಾತೆಂದು ಕೇಳಿದ. ಆ ಪ್ರಶ್ನೆ ಕೇಳದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಬಹಳ ಸಲ ಅಂದುಕೊಂಡ.

“ನಾನೇ ಸಾರ್. ಆದ್ರೆ ಅವತ್ತು ಈ ಕಡೆಯಿಂದ ಬರೋಕಾಗ್ಲಿಲ್ಲ. ಮೇಲ್ಗಡೆ ತುದಿ ಪೂರ್ತಿ ಅಗೆದು ಗುಡ್ಡೆ ಹಾಕಿದ್ರು, ಚರಂಡಿ ಕೆಲಸ. ಸುತ್ತಿ ಬಳಸಿ ಕೆಳಗಡೆಯಿಂದ ಬಂದು, ಹಾಗೇ ಕೆಳಗೇ ವಾಪಸ್ ಹೋದ್ವಿ.”

ಇನ್ಸ್‌ಪೆಕ್ಟರ್ ಬೀದಿಯ ಮೇಲಿನ ತುದಿಯತ್ತ ನೋಡಿದ. ಬೀದಿ ನಡುವೆ ಒಂದು ಕಡೆ ಸೊಂಟ ತಿರುಗಿಸಿತ್ತು. ಅಕ್ಕನ ಮೂಲೆ ಮನೆಯಿಂದ ಕೆಳಗಿನ ತುದಿ ಕಾಣುವುದಿಲ್ಲ. ಸುತಾರಾಂ ಕಾಣುವುದಿಲ್ಲ.

ಕಾಲು ಎಳೆಯುತ್ತ ಕೆಳಗಿನ ತುದಿಗೆ ನಡೆದ. ಕೊನೆಯ ಮನೆಯ ಟ್ಯೂಷನ್ ಮಿಸ್ ಬಾಗಿಲು ತೆರೆದು, ಮಕ್ಕಳೆಲ್ಲ ತನ್ನ ಅಣ್ಣನ ಮಕ್ಕಳೆಂದು ಕೇಳುವ ಮೊದಲೇ ಹೇಳಿದಳು. ಒಳಗೆ ಒಂದು ತರಗತಿಗಾಗುವಷ್ಟು ಮಕ್ಕಳಿದ್ದರು. ಅವಳ ಅಣ್ಣನ ಬಗ್ಗೆ ವಿಚಾರಿಸುವ ಶಕ್ತಿ ಇನ್ಸ್‌ಪೆಕ್ಟರನಿಗಿರಲಿಲ್ಲ. ಮೇಷ್ಟ್ರು ಸತ್ತ ದಿನ ಪೈಪು ಬಡಿದದ್ದು ಯಾರೆಂದು ಕೇಳಿದ. ಅವಳಿಗೆ ಸ್ವಲ್ಪ ಹೆಮ್ಮೆಯೇ ಆಯಿತು. ಅವತ್ತೊಂದು ದಿನ ಬೀದಿಯ ಮಾನ ಕಾಪಾಡಿದ್ದು ತಾನೇ ಎಂದಳು. ಜೀಪು ಅನಿರೀಕ್ಷಿತವಾಗಿ ಈ ಕಡೆಯಿಂದ ಬಂದುಬಿಟ್ಟಿತಂತೆ, ಕೈಯಲ್ಲಿದ್ದ ಡಸ್ಟರ್ ಬಿಸಾಕಿ ಓಡಿ ಹೋಗಿ ಬಡಿದಳಂತೆ.

ಹಾಗಾದರೆ ಅಕ್ಕ ಎಲ್ಲಿದ್ದಳು?

ಮೇಲಿನ ತುದಿಯವರೆಗೆ ನಡೆಯುವಾಗ ಎರಡು ಸಲ ಫೋನು ಬಂತು, ಎರಡೂ ಸಲ ದೊಡ್ಡ ಸಾಹೇಬರದು. ಅವನು ತೆಗೆಯಲಿಲ್ಲ. ಒಂದು ಮನಸ್ಸು ಹಾಗೇ ಸ್ಟೇಷನ್ನಿಗೆ ಹೋಗಿಬಿಡು ಎಂದಿತು. ಬ್ರೋಕರನ ಮೇಲೆ ಎಲ್ಲ ಸಾಕ್ಷಿಯೂ ಇತ್ತು. ಎಲ್ಲರೆದುರು, “ನಿಮ್ಮನ್ನ ನೋಡ್ಕೋತೀನಿ ಮೇಷ್ಟ್ರೇ” ಎಂದಿದ್ದ, ಅವತ್ತು ಬೀದಿಯಲ್ಲಿ ಸುಳಿದಾಡಿದ್ದ, ಎಲ್ಲಿಗೆ ಹೋಗಿದ್ದೆ ಎಂದರೆ ಸರಿಯಾದ ಉತ್ತರ ಕೊಡುತ್ತಿರಲಿಲ್ಲ. ಚಪ್ಪಲಿಯ ವಿಷಯ ಸಾಹೇಬರಿಗೆ ಬೇಕಿರಲಿಲ್ಲ, ಕೋರ್ಟಿಗೆ ಗೊತ್ತಿರಲಿಲ್ಲ. ತಾನೊಬ್ಬ ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಆದರೂ ಕಾಲು ಹಾಳಾದ್ದು ಅಕ್ಕನ ಮನೆಯ ಕಡೆಗೇ ಹೋಯಿತು.

ಜೀಪು ಹೋದ ಮೇಲೆ ಅಕ್ಕ ಮಿಷನ್ ಮೇಲಿನ ಬೆಡ್‌ಶೀಟು ತೆಗೆದು ಮತ್ತೆ ಕೂತಿದ್ದಳು. ಸುತ್ತ ಶಾಲೆಯ ಯೂನಿಫಾರಂ ಬಟ್ಟೆಗಳ ರಾಶಿ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ತಮ್ಮನನ್ನು ಕಂಡು ಕಾಲು ನಿಲ್ಲಿಸಲಿಲ್ಲ, ಮುಖ ಮಾತ್ರ ಅರಳಿತು.

“ಬಾರೋ. ಯಾಕೋ ಮುಖ ಹೀಗೆ ಬಾಡಿದೆ? ಊಟ ಆಯ್ತಾ?”

ಆಯಿತು ಎಂದ. ಆಗಿಲ್ಲ ಎಂದು ಅವಳಿಗೆ ಗೊತ್ತಾಯಿತು. ಹೊಲಿಯಬೇಕಾದ ಷರಟುಗಳನ್ನು ಸ್ಟೂಲಿನಿಂದ ಸರಿಸಿ ಜಾಗ ಮಾಡಿಕೊಟ್ಟಳು. ಅವನು ಕೂತ. ಕೂತ ಮೇಲೆ ಮತ್ತೆ ಏಳುವುದೇ ಬೇಡ ಎನ್ನಿಸಿತು.

“ಅಕ್ಕ, ಮೇಷ್ಟ್ರು ಹೋದ ದಿನ ಪೈಪು ಬಡಿದದ್ದು ಯಾರು?”

“ಯಾರು ಬಡೀತಾರೆ? ನಾನೇ.”

“ಜೀಪು ಕಂಡಿತ್ತಾ?”

“ಕಾಣದೆ ಬಡಿಯೋಕೆ ನನಗೇನು ಹುಚ್ಚಾ? ಇಲ್ಲೇ ಕೂತಿದ್ದೆ. ಆ ಮೂಲೇಲಿ ತಿರುಗ್ತು, ಎದ್ದು ಹೋಗಿ ಬಡಿದೆ.”

ಎಷ್ಟು ಸಲೀಸಾಗಿ ಹೇಳಿದಳು. ಅವನಿಗೆ ತಿಳಿದಂತೆ ಅಕ್ಕ ಅವನಿಗೆ ಸುಳ್ಳು ಹೇಳಿದವಳಲ್ಲ. ತನಗೆ ಹಸಿವಿಲ್ಲ ಎಂದು ತಟ್ಟೆಯಲ್ಲಿದ್ದುದನ್ನು ಅವನ ತಟ್ಟೆಗೆ ಹಾಕುತ್ತಿದ್ದಳಲ್ಲ, ಆ ಸುಳ್ಳನ್ನು ಬಿಟ್ಟರೆ.

“ಅವತ್ತು ಈ ತುದಿ ಪೂರ್ತಿ ಅಗೆದಿದ್ರಲ್ಲಕ್ಕ. ಜೀಪು ಕೆಳಗಡೆಯಿಂದ ಬಂತು. ಬಡಿದದ್ದು ಟ್ಯೂಷನ್ ಮಿಸ್.”

ಮಿಷನ್ ನಿಂತಿತು. ಅಕ್ಕ ಬಟ್ಟೆಯನ್ನು ಎಳೆದು ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಕತ್ತರಿ ಪಕ್ಕದಲ್ಲೇ ಇತ್ತು. ಹೊಲಿದ ತೋಳನ್ನು ಮಡಿಚಿ, ಮತ್ತೆ ಬಿಡಿಸಿ, ಮತ್ತೆ ಮಡಿಚಿದಳು.

“ಅಗೆದಿದ್ರು, ಹೌದು,” ಎಂದಳು ಕೊನೆಗೆ. “ಹಾರಿಕೊಂಡೇ ಹೋಗಿದ್ದೆ. ಅದನ್ನೇ ಮರೆತುಬಿಟ್ಟೆ ನೋಡು.”

“ಮೇಷ್ಟ್ರ ಮನೆಗೆ.”

“ಮೇಷ್ಟ್ರ ಮನೆಗೇ. ಕೈ ಮುಗಿದು ಕೇಳೋಣ ಅಂತ ಹೋದೆ. ಮುಚ್ಚಬೇಡಿ ಅನ್ನಿ ಮೇಷ್ಟ್ರೇ, ನಿಮ್ಮದೊಂದು ಸುಳ್ಳಿಂದ ಇಷ್ಟು ಮನೆ ಒಲೆ ಉರಿಯುತ್ತೆ ಅಂತ. ಮಾತು ಕೂಡ ತಯಾರು ಮಾಡಿಕೊಂಡಿದ್ದೆ.” ಅವಳು ಸಣ್ಣಗೆ ನಕ್ಕಳು. “ಆಡೋ ಹೊತ್ತೇ ಬರಲಿಲ್ಲ.”

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಇನ್ಸ್‌ಪೆಕ್ಟರ್ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ. ಎಷ್ಟೋ ಜನರಿಗೆ ಎಷ್ಟೋ ಸಲ ಕೇಳಿದ ಪ್ರಶ್ನೆ.

“ನೀನೇ ತಳ್ಳಿದ್ಯಾ?”

“ನಾನೇ ಅಂದ್ಕೋ. ಕರ್ಕೊಂಡು ಹೋಗು.”

“ಅಂದ್ಕೊಳ್ಳೋಕಾಗಲ್ಲ ಅಕ್ಕ.” ಅವನು ಅವಳ ಕೈಗಳನ್ನು ನೋಡಿದ. ಸೂಜಿ ಚುಚ್ಚಿ ಚುಚ್ಚಿ ಒರಟಾದ, ಸಣ್ಣ, ಮಕ್ಕಳ ಕೈಯಷ್ಟೇ ಇದ್ದ ಕೈಗಳು. “ಮೇಷ್ಟ್ರ ಮುಂಗೈಯನ್ನ ಯಾರೋ ಗಟ್ಟಿಯಾಗಿ ಹಿಡಿದಿದ್ರು. ಬೆರಳಿನ ಗುರುತು ಬಿದ್ದಿದೆ. ಅದು ಗಂಡಸಿನ ಕೈ. ನೀನು ಯಾರನ್ನ ಕಾಪಾಡ್ತಿದ್ದೀಯಾ?”

ಅಕ್ಕ ಕನ್ನಡಕ ತೆಗೆದಳು. ಸೆರಗಿನಿಂದ ಗಾಜು ಒರೆಸಿದಳು. ಕಣ್ಣು ಒರೆಸಿಕೊಳ್ಳಲಿಲ್ಲ.

“ನಿನ್ನನ್ನೇ ಕಣೋ,” ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವುದು ಬೇಡವಾಗಿತ್ತೋ ಏನೋ.

“ಪೈಪು ಬಡೀತು. ನಾನಿನ್ನೂ ಹೊಸಿಲಲ್ಲಿದ್ದೆ. ಕೈ ಸುಮ್ಮನಿರುತ್ತಾ? 'ನಿಮ್ಮಲ್ಲಿ ಯಾವ ಅಂಗಡಿ ಇದೆ ಮೇಷ್ಟ್ರೇ' ಅಂತ ನಗು ಕೂಡ ಬಂತು, ಆದ್ರೂ ಬಾಚಿಕೊಂಡು ಒಳಗೆ ತಂದೆ. ನಾನು ತಂದದ್ದು ಎರಡು ಜೊತೆ ಅಲ್ಲ. ಮೂರು. ಮೇಷ್ಟ್ರದ್ದು, ನಂದು. ಇನ್ನೊಂದು ನಾನೇ ಕೊಡಿಸಿದ್ದು, ಅವನಿಗೆ ಕೆಲಸ ಸಿಕ್ಕಾಗ. ಗುರುತು ಸಿಗಲ್ವಾ ನನಗೆ?”

ಇನ್ಸ್‌ಪೆಕ್ಟರನಿಗೂ ಗುರುತು ಸಿಕ್ಕಿತು. ಕಂದು ಬಣ್ಣದ ಬೂಟು. ಅತ್ತೆ ಕೊಡಿಸಿದ್ದು ಎಂದು ಮಗ ಮನೆಯೊಳಗೆಲ್ಲ ಮೆರೆಸಿಕೊಂಡು ಓಡಾಡಿದ್ದ. ತನ್ನ ಕೈಯಲ್ಲಾಗದ್ದನ್ನು ಅಕ್ಕ ಹೊಲಿದು ಹೊಲಿದು ಕೊಡಿಸಿದಳಲ್ಲ ಎಂದು ಅವನಿಗೆ ಅವತ್ತು ಸಂತೋಷವೂ ಆಗಿತ್ತು, ನಾಚಿಕೆಯೂ ಆಗಿತ್ತು.

“ಅವನು ಅಲ್ಲೇನು ಮಾಡ್ತಿದ್ದ?”

ಮಹಡಿಯ ಮೇಲೆ ಮಾತು ಕೇಳಿತ್ತಂತೆ. ಮೇಷ್ಟ್ರ ದನಿ ಸಣ್ಣಗಿತ್ತು, ಹುಡುಗನದು ದೊಡ್ಡದಾಗಿತ್ತು. ಅವನು ಏನನ್ನೋ ಕೊಡಿ ಕೊಡಿ ಎನ್ನುತ್ತಿದ್ದ. ಅಕ್ಕ ಮೆಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ಮೇಷ್ಟ್ರು ಉರುಳಿ ಬಂದರು. ಮೇಲೆ ಹುಡುಗ ನಿಂತಿದ್ದ, ಎರಡು ಕೈಯನ್ನೂ ಮುಂದೆ ಚಾಚಿಕೊಂಡು.

“ತಳ್ಳಿದ ಕೈನೋ, ಹಿಡ್ಕೊಳ್ಳೋಕೆ ಹೋದ ಕೈನೋ ನಂಗೊತ್ತಿಲ್ಲ. ನಾನು ನೋಡಿದ್ದು ಬಿದ್ದ ಮೇಲೆ. ಅವನನ್ನೂ ಕೇಳಲಿಲ್ಲ. ಹಿಂದಿನ ಬಾಗಿಲಿಂದ ಹೋಗು ಅಂದೆ, ಬೂಟು ಕೈಗೆ ಕೊಟ್ಟೆ.”

ಮೇಷ್ಟ್ರು ಆಗ ಉಸಿರಾಡುತ್ತಿದ್ದರೇ ಎಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ. ಕೇಳಬೇಕಾಗಿತ್ತು. ಅಕ್ಕನ ಮುಖ ನೋಡಿದರೆ ಆ ಪ್ರಶ್ನೆಯನ್ನು ಅವಳು ತನಗೆ ತಾನೇ ರಾತ್ರಿಯೆಲ್ಲ ಕೇಳಿಕೊಂಡಿದ್ದಳು ಎಂಬುದು ತಿಳಿಯುತ್ತಿತ್ತು.

ತಾಯಿಯಿಲ್ಲದ ಇಬ್ಬರು ಮಕ್ಕಳು ಒಂದೇ ಕೋಣೆಯಲ್ಲಿ ವಯಸ್ಸಾಗಿ ಕೂತಿದ್ದರು. ಮಗನಿಗೆ ಸಿಟ್ಟು ಹೆಚ್ಚು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಅವನ ಬಗ್ಗೆ ಏನನ್ನಿಸಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಏನೂ ಸಿಗಲಿಲ್ಲ. ಕಳ್ಳರ, ಕೊಲೆಗಾರರ ಮಕ್ಕಳುಮರಿಗಳ ಜಾತಕವೆಲ್ಲ ಬಾಯಿಪಾಠವಿದ್ದ ಅವನಿಗೆ ಮನೆಯಲ್ಲಿರುವ ಮಗನ ಬಗ್ಗೆ ಗೊತ್ತಿದ್ದದ್ದು ಬೂಟಿನ ಬಣ್ಣ ಮಾತ್ರ. ನಾಚಿಕೆಯಿಂದ ಅವನ ಕಣ್ಣು ತುಂಬಿತು.

ಅಕ್ಕ ಮುಂದಕ್ಕೆ ಬಾಗಿ ಅವನ ಮಂಡಿಯ ಮೇಲೆ ಕೈಯಿಟ್ಟಳು. ಬಹಳ ಮೆಲ್ಲಗೆ ಹೇಳಿದಳು.

“ಆ ಬ್ರೋಕರ್ ಏನು ಸಾಚಾ ಮನುಷ್ಯನಾ? ಎಷ್ಟು ಸಂಸಾರ ಬೀದಿಗೆ ತಂದಿದ್ದಾನೆ. ಅವನು ಒಳಗಿದ್ರೆ ಯಾರಿಗೇನು ನಷ್ಟ? ನೀನು ಹೇಳಬೇಡ. ನಾನಂತೂ ಸಾಯೋವರೆಗೂ ಬಾಯಿ ಬಿಡಲ್ಲ.”

ಹಾಗೆ ಮಾಡೋಕಾಗಲ್ಲ ಅಕ್ಕ ಎಂದು ಹೇಳಲು ಅವನು ಬಾಯಿ ತೆರೆದ. ಇಷ್ಟು ವರ್ಷದ ನೌಕರಿಯಲ್ಲಿ ಲಂಚ ಮುಟ್ಟದವನು, ಯಾರ ಶಿಫಾರಸಿಗೂ ಬಗ್ಗದವನು ಎಂದು ಹೆಸರು ತೆಗೆದುಕೊಂಡವನು, ಇಲ್ಲ ಎನ್ನುವ ಒಂದು ಮಾತಿಗೆ ತಡಕಾಡಿದ. ನಿರಪರಾಧಿಯೊಬ್ಬ ಲಾಕಪ್ಪಿನಲ್ಲಿ ಚಾಪೆಯ ಮೇಲೆ ಮಲಗಿದ್ದ. ಅವನೂ ಯಾರದೋ ಮಗನೇ ತಾನೆ?

ಆಗ ಮತ್ತೆ ಫೋನು ಬಂತು. ಈ ಸಲ ತೆಗೆದ.

“ಎಲ್ಲಿದ್ದೀರ್ರೀ?” ದೊಡ್ಡ ಸಾಹೇಬರ ದನಿ ಎಂದೂ ಇಲ್ಲದಷ್ಟು ಖುಷಿಯಲ್ಲಿತ್ತು. “ಆಗಿನಿಂದ ಮಾಡ್ತಾನೇ ಇದ್ದೀನಿ. ಚಪ್ಪಲಿ ಹುಡುಕಿದ್ದು ಸಾಕು, ಬನ್ನಿ. ಬ್ರೋಕರ್ ತಪ್ಪೊಪ್ಪಿಕೊಂಡ.”

“ಏನಂದ್ರಿ ಸಾರ್?”

“ಒಪ್ಪಿಕೊಂಡ ಅಂದೆ. ತಾನೇ ತಳ್ಳಿದ್ದು ಅಂತ. ಯಾರೂ ಕೈ ಕೂಡ ಎತ್ತಿಲ್ಲ, ಆಣೆ. ಇಷ್ಟು ದಿನ ನಾನಲ್ಲ ನಾನಲ್ಲ ಅಂತಿದ್ದವನು ಇವತ್ತು ತಾನಾಗೇ ಬಾಯಿ ಬಿಟ್ಟ. ಅದೂ ಯಾರ ದೆಸೆಯಿಂದ ಅಂತೀರಿ? ನಿಮ್ಮ ಮಗನ ದೆಸೆಯಿಂದ.”

ಇನ್ಸ್‌ಪೆಕ್ಟರ್ ಗೋಡೆ ಹಿಡಿದುಕೊಂಡು ಎದ್ದು ನಿಂತ.

ಸಾಹೇಬರು ಹೇಳುತ್ತಲೇ ಹೋದರು. ಮಗ ಮಧ್ಯಾಹ್ನ ಬಿಲ್ಡರನ ಆಫೀಸಿನಿಂದ ಬಂದಿದ್ದನಂತೆ. ಇನ್ಸ್‌ಪೆಕ್ಟರನ ಮಗ ಎಂದು ಯಾರೂ ತಡೆಯಲಿಲ್ಲ. ಕಂಬಿಯಾಚೆ ನಿಂತು ಬ್ರೋಕರನ ಜೊತೆ ಸ್ವಲ್ಪ ಹೊತ್ತು ಮಾತಾಡಿದ. ಏನು ಮಾತಾಡಿದ ಎಂದು ಯಾರಿಗೂ ಕೇಳಿಸಲಿಲ್ಲ. ಅವನು ಹೋದ ಮೇಲೆ ಬ್ರೋಕರ್ ಗೋಡೆಗೆ ಮುಖ ಮಾಡಿ ಕೂತು ಅತ್ತ, ಆಮೇಲೆ, ಹೆಂಡತಿ ಮಕ್ಕಳನ್ನು ಬಿಲ್ಡರ್ ನೋಡಿಕೊಳ್ಳುತ್ತಾನಂತೆ ಎಂದು ಗೊಣಗಿ, ಹೇಳಿಕೆ ಕೊಡುತ್ತೇನೆ ಎಂದ.

“ನಮ್ಮ ಕೈಲಾಗದ್ದು ಹುಡುಗ ಮಾಡಿದ ನೋಡಿ. ಒಳ್ಳೇ ಮಗನ್ನ ಬೆಳೆಸಿದ್ದೀರಿ ಕಣ್ರೀ. ಬೇಗ ಬನ್ನಿ, ಹೇಳಿಕೆ ಕೆಳಗೆ ನಿಮ್ಮದೊಂದು ಸಹಿ ಬಿದ್ರೆ ಕೇಸು ಮುಗೀತು. ಅವನು ಇಲ್ಲೇ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ಅಪ್ಪ ಸಹಿ ಹಾಕೋದು ನೋಡಿಕೊಂಡೇ ಮನೆಗೆ ಹೋಗ್ತೀನಿ ಅಂತಾನೆ.”

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಫೋನಿನ ಮಾತು ಅವಳಿಗೆ ಕೇಳಿಸಿತ್ತೋ ಇಲ್ಲವೋ, ಮಿಷನ್ನಿನ ಮೇಲೆ ಮತ್ತೆ ಬೆಡ್‌ಶೀಟು ಎಳೆದಳು.

“ಬರ್ತೀನಿ ಸಾರ್,” ಎಂದು ಇನ್ಸ್‌ಪೆಕ್ಟರ್ ಫೋನಿಟ್ಟ.